ಮೆಣಸಿನಕಾಯಿ ಚೀಲದಲ್ಲಿ ಅಣಬೆ

ಒಣಗಿದ ಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗಿನ ಬೀಜ ಸದ್ದು ಮಾಡುತ್ತದೆ. ಕೂಸಿನ ಗಿಲಕಿಯಷ್ಟು ದೊಡ್ಡ ಸದ್ದಲ್ಲ. ಪಕ್ಕದ ಕೋಣೆಯಲ್ಲಿ ಯಾರೋ ಕಾಗದದ ಪೊಟ್ಟಣ ಬಿಚ್ಚಿದ ಹಾಗೆ, ಸಣ್ಣಗೆ, ಗಿಲಿಗಿಲಿ. ಬ್ಯಾಡಗಿಯಲ್ಲಿ ನಮ್ಮ ಅಣ್ಣನ ಅಂಗಡಿಯ ಕಟ್ಟೆಯ ಮೇಲೆ ಕೂತಾಗಲೆಲ್ಲ ಈ ಸದ್ದು ಕೇಳುತ್ತಿದ್ದೆ. ಅಣ್ಣ ರಾಶಿಯಿಂದ ಒಂದು ಕಾಯಿ ಎತ್ತುವನು, ಕಿವಿಗೆ ಹಿಡಿಯುವನು, ಅಲುಗಿಸುವನು, ಕಣ್ಣು ಅರೆಮುಚ್ಚುವನು. ಆಮೇಲೆ "ಇನ್ನೂ ಬಿಸಲು ಬೇಕು ಇದಕ್ಕ" ಎಂದೋ "ಇದು ಖರೇ ಒಣಗೇತಿ" ಎಂದೋ ತೀರ್ಪು ಕೊಡುವನು. ಎದುರಿಗೆ ಕೂತ ರೈತ ತಲೆಯಾಡಿಸುವನು.

ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನ ಉಳಿದ ವ್ಯಾಪಾರಿಗಳು ಹಾಗೆ ಮಾಡುವುದಿಲ್ಲ. ಅವರು ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾರೆ, ಬೆರಳಲ್ಲಿ ತಿಕ್ಕುತ್ತಾರೆ. ಅಣ್ಣನೂ ಮೊದಲು ಹಾಗೇ ಮಾಡುತ್ತಿದ್ದ. ಯಾವಾಗ ಕಿವಿಗೆ ಹಿಡಿಯಲು ಶುರುಮಾಡಿದ ಎನ್ನುವುದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲ. ವಯಸ್ಸಾದಂತೆ ಗಂಡಸರಿಗೆ ಒಂದೊಂದು ಸ್ಟೈಲ್ ಬರುತ್ತದೆ, ಇದು ಅಂಥದ್ದೇ ಇರಬೇಕು ಎಂದುಕೊಂಡೆವು. ಈಗ ನನ್ನ ಕಿವಿಗೆ ಮಷಿನ್ ಬಂದಿದೆ. ಆ ಸದ್ದು ಮಾತ್ರ ಮಷಿನ್ ಇಲ್ಲದೆಯೂ ನೆನಪಿನಲ್ಲಿ ಸರಿಯಾಗಿ ಕೇಳಿಸುತ್ತದೆ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮ ಅಪ್ಪನಿಗೆ ಮಗ ಅಂಗಡಿಗೆ ಬೇಕಾಗಿದ್ದ, ಮೆಣಸಿನಕಾಯಿಗೆ ಇಂಗ್ಲಿಷ್ ಬೇಕಾಗಿರಲಿಲ್ಲ, ಹಾಗಾಗಿ ಅಣ್ಣನನ್ನು ಬ್ಯಾಡಗಿಯ ಕನ್ನಡ ಶಾಲೆಗೇ ಹಾಕಿದರು. ನನಗೆ ಹುಟ್ಟಿದಾಗಿನಿಂದ ಮೆಣಸಿನ ಘಾಟು ಆಗುತ್ತಿರಲಿಲ್ಲ. ಸೀಜನ್ ಬಂತೆಂದರೆ ಕೆಮ್ಮಿ ಕೆಮ್ಮಿ ನೀಲಿಯಾಗುತ್ತಿದ್ದೆ. ಊರಿಂದ ದೂರ ಇಟ್ಟರೆ ಹುಡುಗಿ ಉಳಿಯುತ್ತಾಳೆ ಎಂದು ಯಾರೋ ಹೇಳಿದ್ದಕ್ಕೆ ಹುಬ್ಬಳ್ಳಿಯ ಸಿಸ್ಟರ್‌ಗಳ ಬೋರ್ಡಿಂಗಿಗೆ ಕಳಿಸಿದರು. ಹೀಗೆ ಒಂದು ಕೆಮ್ಮಿನ ದೆಸೆಯಿಂದ ನಾನು ಎಜುಕೇಟೆಡ್ ಆದೆ.

ಅಲ್ಲಿ ಬಯಾಲಜಿ ಕಲಿಸುತ್ತಿದ್ದ ಸಿಸ್ಟರ್ ಬೋರ್ಡಿನ ಮೇಲೆ ಚರ್ಮದ ಪದರಗಳ ಚಿತ್ರ ಬರೆದು, "ಸ್ಕಿನ್ ನಿಮ್ಮ ಬಾಡಿಯ ಅತಿ ದೊಡ್ಡ ಆರ್ಗನ್, ಗರ್ಲ್ಸ್. ಅದನ್ನು ಆದಷ್ಟು ಮುಚ್ಚಿಕೊಂಡಿರಿ" ಎಂದಿದ್ದರು. ಮುಂದೆ ನಾನು ರಾಣೇಬೆನ್ನೂರಿನ ಹೈಸ್ಕೂಲಿನಲ್ಲಿ ರಿಟೈರ್ ಆಗುವವರೆಗೆ ಅದೇ ಚಿತ್ರ ಬರೆದೆ. ಎರಡನೆಯ ವಾಕ್ಯವನ್ನು ಮಾತ್ರ ಬಿಟ್ಟುಬಿಟ್ಟೆ. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಅಣ್ಣ ನನಗಿಂತ ದೊಡ್ಡವನಾದರೂ ಕೆಲಸ ಸಿಕ್ಕ ದಿನದಿಂದ ನನ್ನನ್ನು ಹಾಗೇ ಕರೆಯುತ್ತಿದ್ದ. ಚೇಷ್ಟೆಗೆ ಶುರುವಾದದ್ದು, ರೂಢಿಯಾಗಿ ಉಳಿಯಿತು.

ಚರ್ಮದ ಚಿತ್ರ ನಮ್ಮ ಕುಟುಂಬದಲ್ಲಿ ನನಗೇ ಮುಗಿಯಲಿಲ್ಲ. ಅಣ್ಣನ ಮೊಮ್ಮಗಳು ಪಿಎಚ್‌ಡಿಗೆ ಸೇರಿಕೊಂಡು, ರಾಣೇಬೆನ್ನೂರಿನ ನನ್ನ ಮನೆಯಲ್ಲಿ ಇರಲು ಬಂದಳು. ಔಷಧಿ ಗುಣದ ಅಣಬೆಗಳಿಂದ ಸತ್ವ ತೆಗೆದು, ಅದು ಮನುಷ್ಯನ ಚರ್ಮದ ಜೀವಕೋಶಗಳ ಮೇಲೆ ಏನು ಮಾಡುತ್ತದೆ ಎಂದು ನೋಡುವುದು ಅವಳ ಕೆಲಸ. ಹಾವೇರಿಯ ಲ್ಯಾಬಿನಲ್ಲಿ ಅಣಬೆ ಕುದಿಸಿ, ಸೋಸಿ, ಬತ್ತಿಸುವಳು. ಜೀವಕೋಶ ಬೆಳೆಸುವ ಸೌಕರ್ಯ ಅಲ್ಲಿ ಇರಲಿಲ್ಲವಾಗಿ ಅದಕ್ಕೆ ಧಾರವಾಡಕ್ಕೆ ಹೋಗುವಳು. ಅಣ್ಣ ಯಾರ್ಡಿನಲ್ಲಿ ಕೇಳಿದವರಿಗೆಲ್ಲ, "ನಮ್ಮ ಹುಡುಗಿ ಅಣಬಿ ಡಾಕ್ಟರ್ ಆಗಾಕತ್ತಾಳ" ಎನ್ನುತ್ತಿದ್ದ. ಅಣಬೆಗೆ ಏನು ಕಾಯಿಲೆ ಎಂದು ಯಾರೋ ವಿಚಾರಿಸಿದರಂತೆ.

ಮಳೆಗಾಲದಲ್ಲಿ ಅವಳು ಅಣಬೆ ಹುಡುಕಿಕೊಂಡು ಕರ್ಜಗಿಯ ರಸ್ತೆಯ ಮುದಿ ಹುಣಸೆ ಮರಗಳು, ಮೇಡ್ಲೇರಿಯ ಹೊಳೆದಂಡೆ, ಎಲ್ಲ ಅಡ್ಡಾಡುತ್ತಿದ್ದಳು. ತರುತ್ತಿದ್ದುದು ಸಾರಿಗೆ ಹಾಕುವ ಮೆತ್ತನೆಯ ಅಣಬೆಯಲ್ಲ. ಸತ್ತ ಮರದ ಬುಡದಲ್ಲಿ ತಟ್ಟೆಯ ಹಾಗೆ ಮೂಡುವ, ಕಟ್ಟಿಗೆಯಷ್ಟು ಬಿರುಸಾದ, ಮೇಲೆ ಪಾಲಿಶ್ ಹೊಡೆದಂತೆ ಕೆಂಪಗೆ ಹೊಳೆಯುವ ಅಣಬೆ. ನಮ್ಮ ಕಾನ್ವೆಂಟಿನ ಚಾಪೆಲ್‌ನ ಹಾರ್ಮೋನಿಯಂ ಅದೇ ಬಣ್ಣದ್ದಿತ್ತು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಒಂದನ್ನು ನೆಲಕ್ಕೆ ಕುಟ್ಟಿ ನೋಡಿ, "ಇದನ್ನ ತಿನ್ನಾಕ ಬರೂದಿಲ್ಲ, ಒಲಿಗೆ ಹಾಕಾಕ ಬರೂದಿಲ್ಲ, ಪಿಎಚ್‌ಡಿಗೆ ಅಷ್ಟ ಬರ್ತೈತಿ" ಎಂದಿದ್ದರು.

ಆ ಮಳೆಗಾಲ ನನ್ನ ಮನೆಯ ಅಟ್ಟದಲ್ಲಿ ಇಟ್ಟ ಅಣಬೆಗೆ ಹುಳ ಬಿತ್ತು. ಹುಡುಗಿ ಕಂಗಾಲಾದಳು. ಸುದ್ದಿ ಬ್ಯಾಡಗಿಗೆ ಮುಟ್ಟಿದ್ದೇ ಅಣ್ಣ ಫೋನ್ ಮಾಡಿದ.

"ಅಕ್ಕೋರ, ಅಷ್ಟೂ ಅಣಬಿ ಇಲ್ಲಿಗೆ ಕಳಸು. ಕೋಲ್ಡ್‌ನ್ಯಾಗ ಇಡಸ್ತೇನಿ."

ಕೋಲ್ಡ್ ಅಂದರೆ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್. ಬ್ಯಾಡಗಿಯವರಿಗೆ ಅದರ ಮೇಲೆ ಇರುವ ನಂಬಿಕೆಯನ್ನು ಹೊರಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಅಲ್ಲಿ ಇಟ್ಟದ್ದು ಕೆಡುವುದಿಲ್ಲ ಎನ್ನುವುದು ಅವರ ಪಾಲಿಗೆ ಸೂರ್ಯ ಮೂಡಣದಲ್ಲಿ ಹುಟ್ಟಿದಷ್ಟೇ ಖಾತ್ರಿ. ಅಣ್ಣ ಅಲ್ಲಿ ತನ್ನ ಜಾಗದ ಮೂಲೆಯಲ್ಲಿ ಹುಣಸೆಹಣ್ಣು, ಬೆಲ್ಲ, ಮದುವೆಯಲ್ಲಿ ಮಿಕ್ಕಿದ ಬೂಂದಿ, ಎಲ್ಲ ಇಡಿಸಿದವನು. ಒಮ್ಮೆ ನುಸಿ ಹತ್ತಬಾರದೆಂದು ವೈನಿಯ ರೇಷ್ಮೆ ಸೀರೆ ಇಡಿಸಿದ್ದ. ನುಸಿ ಹತ್ತಲಿಲ್ಲ. ಆ ಸೀರೆ ಉಟ್ಟು ವೈನಿ ಅಕ್ಷತೆಗೆ ನಿಂತಾಗ ಅವರ ಹಿಂದಿನ ಸಾಲಿನವರೆಲ್ಲ ಸೀನಿದರು. ಹೊರಡುವಾಗ ಯಾರಾದರೂ ಸೀನಿದರೆ ಕೂತು ಹೋಗಬೇಕೆಂಬ ಪದ್ಧತಿ ಉಳಿದ ಊರುಗಳಲ್ಲಿದೆ. ಬ್ಯಾಡಗಿಯಲ್ಲಿ ಅದನ್ನು ಪಾಲಿಸಿದರೆ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ.

ಹುಡುಗಿ ಒಳ್ಳೆಯ ಅಣಬೆಗಳನ್ನು ಆರಿಸಿ, ಬಿಸಿಲಿಗೆ ಹಾಕಿ, ಒಗೆದ ಬಟ್ಟೆಯ ಚೀಲಗಳಲ್ಲಿ ತುಂಬಿ ಅಜ್ಜನಿಗೆ ಒಪ್ಪಿಸಿದಳು. ಅಣ್ಣ ಬಟ್ಟೆಯ ಚೀಲ ನೋಡಿ ಮರುಗಿದ. ಮೊಮ್ಮಗಳ ಮಾಲು ಇಂಥ ತೆಳು ಚೀಲದಲ್ಲಿ ಹೋಗುವುದೇ? ಅಷ್ಟನ್ನೂ ತೆಗೆದು, ತನ್ನ ಹತ್ತಿರ ಇದ್ದ ಅತಿ ಗಟ್ಟಿಯಾದ ಒಂದು ಗೋಣಿಚೀಲಕ್ಕೆ ಸುರಿದು, ತಾನೇ ಬಾಯಿ ಹೊಲಿದು ಕೋಲ್ಡಿಗೆ ಕಳಿಸಿದ. ಈ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಹೇಳುವಂಥ ವಿಷಯ ಎಂದು ಅವನಿಗೆ ಅನ್ನಿಸಲಿಲ್ಲ.

ಚಳಿಗಾಲದಲ್ಲಿ ಅಣ್ಣನ ಚಪ್ಪಲಿಯಲ್ಲಿ ಒಂದು ಮೊಳೆ ಎದ್ದಿತು. ಅವನು ಅದರ ಮೇಲೆ ಇಡೀ ದಿನ ಯಾರ್ಡಿನಲ್ಲಿ ಓಡಾಡಿ, ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟಾಗ ವೈನಿ ನೆಲದ ಮೇಲಿನ ರಕ್ತ ನೋಡಿ ಕೂಗಿದರು. "ಗೊತ್ತ ಆಗಲಿಲ್ಲ ಬಿಡು" ಎಂದನಂತೆ. ಯಾರ್ಡಿನಲ್ಲಿ ಇದನ್ನು ಗಟ್ಟಿ ಮನುಷ್ಯನ ಲಕ್ಷಣ ಎಂದು ಮಾತಾಡಿಕೊಂಡರು. ಅವನಿಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷವಾಗಿತ್ತು. ಹೆಬ್ಬೆರಳಿನ ಗಾಯ ಮಾಯಲಿಲ್ಲ. ಕಪ್ಪಗಾಯಿತು. ಹಾವೇರಿಯ ಡಾಕ್ಟರ್ ನೋಡಿ, ಆ ಬೆರಳು ಈಗಲೇ ತೆಗೆಯಬೇಕು, ತಡ ಮಾಡಿದರೆ ಬೆರಳಿಗೆ ನಿಲ್ಲುವುದಿಲ್ಲ, ಪಾದಕ್ಕೆ ಬರುತ್ತದೆ ಎಂದು ಬಿಡಿಸಿ ಹೇಳಿದರು. ಅಣ್ಣ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, "ಸೀಜನ್ ಮುಗೀಲಿ ಸಾಹೇಬ್ರ" ಎಂದು ಎದ್ದು ಬಂದ. ಆಗ ಸೀಜನ್ ಇನ್ನೂ ಶುರುವೇ ಆಗಿರಲಿಲ್ಲ.

ಅಂಥದ್ದರಲ್ಲಿ ಒಂದು ಭಾನುವಾರ ನಾವೆಲ್ಲ ಬ್ಯಾಡಗಿಯಲ್ಲಿ ಊಟಕ್ಕೆ ಕೂತಿದ್ದೆವು. ಹುಡುಗಿಯ ಮೊದಲ ರಿಸಲ್ಟ್ ಬಂದಿತ್ತು. ಹುಳ ಬೀಳುವ ಮೊದಲೇ ಲ್ಯಾಬಿಗೆ ಒಯ್ದಿದ್ದ ಅಣಬೆಯದು. ಅವಳು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಚಿಕ್ಕ ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಚರ್ಮದ ಜೀವಕೋಶಗಳನ್ನು ಹಾಸಿನ ಹಾಗೆ ಬೆಳೆಸುತ್ತಾರೆ. ನಡುವೆ ಒಂದು ಗೀರು ಎಳೆಯುತ್ತಾರೆ. ಆಮೇಲೆ ಎರಡೂ ದಂಡೆಯ ಜೀವಕೋಶಗಳು ತೆವಳುತ್ತ ಬಂದು ಗೀರನ್ನು ಎಷ್ಟು ಬೇಗ ಮುಚ್ಚುತ್ತವೆ ಎಂದು ಕಾಯುತ್ತಾರೆ. ಬರೀ ನೀರು ಹಾಕಿದ ತಟ್ಟೆಯಲ್ಲಿ ಗೀರು ಇನ್ನೂ ರಸ್ತೆಯ ಹಾಗೆ ಬಿದ್ದುಕೊಂಡಿತ್ತು. ಅಣಬೆಯ ಸತ್ವ ಹಾಕಿದ್ದರಲ್ಲಿ ಹೆಚ್ಚುಕಡಿಮೆ ಮುಚ್ಚಿತ್ತು.

ಅಣ್ಣ ಕನ್ನಡಕ ಹಾಕಿಕೊಂಡು ಫೋಟೋ ನೋಡಿದ. ಬಹಳ ಹೊತ್ತು ನೋಡಿದ.

"ಯಾರ ಚರ್ಮ ಇದು?"

"ಯಾರೋ ಪರದೇಶದ ಒಬ್ಬ ವಯಸ್ಸಾದ ಮನಷಾಂದು, ಅಜ್ಜಾ. ಭಾಳ ವರ್ಷದ ಹಿಂದ ತಗದಿದ್ದು. ಅವತ್ತಿಂದ ಬೆಳಸ್ಕೋತ ಬಂದಾರ. ಎಲ್ಲಾ ದೇಶದ ಲ್ಯಾಬಿಗೂ ಅದನ್ನ ಕಳಸ್ತಾರ."

"ಆ ಮನಷಾ ಅದಾನೇನು?"

"ಇರಲಿಕ್ಕಿಲ್ಲ."

"ಅಂವ ಇಲ್ಲ, ಅಂವನ ಚರ್ಮ ಧಾರವಾಡದಾಗ ಐತಿ." ಅಣ್ಣ ರೊಟ್ಟಿ ಮುರಿದ. "ಊಟಕ್ಕ ಏನ್ ಹಾಕ್ತೀರಿ ಅದಕ್ಕ?"

"ಗುಲಾಬಿ ಬಣ್ಣದ ನೀರು ಇರ್ತೈತಿ. ಅದರಾಗ ಸಕ್ಕರಿ, ಉಪ್ಪು, ಇನ್ನೂ ಏನೇನೋ."

"ಕೇಳಿದಿ?" ಅಣ್ಣ ವೈನಿಯ ಕಡೆ ತಿರುಗಿದ. "ಬದುಕಿದ್ದ ಮನಷಾಗ ಸಕ್ಕರಿ ಬಂದ್ ಮಾಡೀದಿ ನೀ. ಸತ್ತಾಂವನ ಚರ್ಮಕ್ಕ ಹಾಕಾಕತ್ತಾರ."

"ನೀವೂ ಧಾರವಾಡಕ್ಕ ಹೋಗಿ ತಟ್ಟ್ಯಾಗ ಕುಂದರ್ರಿ" ಎಂದರು ವೈನಿ. "ನಾನೂ ಹಾಕ್ತೇನಿ."

ಅಣ್ಣ ನಗಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನು ಸ್ವಲ್ಪ ಮುಂದೆ ಚಾಚಿ, "ಇದಕ್ಕೂ ಒಂದೀಟ ಹಚ್ಚವ್ವಾ ನಿನ್ನ ಔಷಧ" ಎಂದ.

ಹುಡುಗಿಯ ಮುಖ ಇಳಿಯಿತು. "ಅದು ಔಷಧ ಅಲ್ಲ ಅಜ್ಜಾ. ತಟ್ಟ್ಯಾಗಿನ ಸೆಲ್ಸ್ ಅವು. ಅವಕ್ಕ ರಕ್ತ ಇಲ್ಲ, ನರ ಇಲ್ಲ, ಸಕ್ಕರಿ ಕಾಯಿಲಿ ಇಲ್ಲ, ಅವು ಅಂಗಡಿಗೆ ಹೋಗೂದಿಲ್ಲ. ಅಲ್ಲಿ ಮುಚ್ಚೂದಕ್ಕೂ ನಿನ್ನ ಕಾಲಾಗ ಮುಚ್ಚೂದಕ್ಕೂ ಭಾಳ ದೂರ ಐತಿ. ನೀ ಡಾಕ್ಟರ್ ಹೇಳಿದ್ದ ಕೇಳು."

"ಗಾಯ ಅಂದ್ರ ಗಾಯ."

"ನಾ ಕೊಡೂದಿಲ್ಲ."

"ಆತ ಬಿಡವಾ" ಎಂದ ಅಣ್ಣ, ಅಷ್ಟು ಸುಲಭವಾಗಿ ಎಂದೂ ಸೋಲದವನು. ನನಗೆ ಅಲ್ಲೇ ಸಂಶಯ ಬರಬೇಕಿತ್ತು. ಆದರೆ ವೈನಿ ಅಷ್ಟರಲ್ಲಿ ಶೇಂಗಾ ಹೋಳಿಗೆ ತಂದರು, ಎಲ್ಲರ ಗಮನ ಅಣ್ಣನ ಕೈಯನ್ನು ಹೋಳಿಗೆಯಿಂದ ದೂರ ಇಡುವುದರ ಮೇಲೆ ಹೋಯಿತು.

ಸೀಜನ್ ಶುರುವಾಯಿತು. ಫೋನಿನಲ್ಲಿ ಅಣ್ಣ ಬಹಳ ಉಲ್ಲಾಸದಲ್ಲಿರುತ್ತಿದ್ದ. ಕಾಲು ಹೇಗಿದೆ ಎಂದರೆ "ಫಸ್ಟ್ ಕ್ಲಾಸ್, ಅಕ್ಕೋರ" ಎನ್ನುತ್ತಿದ್ದ. ಇತ್ತ ನನ್ನ ಮನೆಯಲ್ಲಿ ಹುಡುಗಿ ಊಟ ಬಿಟ್ಟಿದ್ದಳು. ಅಣ್ಣ ಕೋಲ್ಡಿನಿಂದ ತೆಗೆಸಿ ಅವಳ ಬಟ್ಟೆಯ ಚೀಲದಲ್ಲೇ ಕಳಿಸಿದ ಅಣಬೆಯಿಂದ ಅವಳು ಎರಡನೆಯ ಬಾರಿ ಸತ್ವ ತೆಗೆದು ಧಾರವಾಡಕ್ಕೆ ಒಯ್ದರೆ, ಗೀರು ಮುಚ್ಚುವುದು ಹಾಗಿರಲಿ, ಜೀವಕೋಶಗಳೇ ಸತ್ತು ತಟ್ಟೆಯ ತಳದಿಂದ ಎದ್ದು ತೇಲಿದವು. ಇನ್ನೊಮ್ಮೆ ಮಾಡಿದಳು. ಮತ್ತೆ ತೇಲಿದವು. ನೀರು ಬದಲಿಸಿದಳು, ಗಾಜಿನ ಸಾಮಾನು ಬದಲಿಸಿದಳು, ಸೋಸುವ ಕಾಗದ ಬದಲಿಸಿದಳು. ಅಣಬೆಯನ್ನು ಮಾತ್ರ ಅನುಮಾನಿಸಲಿಲ್ಲ, ಅದನ್ನು ಕಾದಿಟ್ಟವನು ಅಜ್ಜ.

"ಅಜ್ಜಿ, ಮೊದಲ್ನೇ ರಿಸಲ್ಟ್ ಸುಳ್ಳೋ ಏನೋ" ಎಂದಳು, ನನ್ನ ಅಡಿಗೆಮನೆಯ ಮೆಟ್ಟಿಲ ಮೇಲೆ ಕೂತು.

ನಾನು ಟೀಚರ್ ಆಗಿದ್ದಾಗ ಅಳುವ ಹುಡುಗಿಯರಿಗೆ ಹೇಳುತ್ತಿದ್ದುದನ್ನೇ ಹೇಳಿದೆ: ಮುಖ ತೊಳಕೋ, ಆಮೇಲೆ ಯೋಚನೆ ಮಾಡೋಣ. ಅವಳು ಮುಖ ತೊಳೆದುಕೊಂಡಳು. ಯೋಚನೆ ಮಾಡಿದೆವು. ಏನೂ ಹೊಳೆಯಲಿಲ್ಲ.

ವರ್ಷದ ಖಾರದ ಪುಡಿಗೆ ಕಾಯಿ ತರಲು ನಾನು ಬ್ಯಾಡಗಿಗೆ ಹೋದದ್ದು ಅದರ ಮಾರನೆಯ ವಾರ. ಸ್ಟೇಷನ್ನಿನಿಂದಲೇ ಮೂಗಿಗೆ ಸೆರಗು ಹಿಡಿದುಕೊಂಡು ಹೋದೆ. ಹೇಳದೆ ಹೋಗಿದ್ದೆ. ಪಡಸಾಲೆಯಲ್ಲಿ ಅಣ್ಣ ಕುರ್ಚಿಯ ಮೇಲೆ ಕೂತು, ಗಾಯದ ಕಾಲನ್ನು ಒಂದು ಬೋಗುಣಿಯಲ್ಲಿ ಇಳಿಬಿಟ್ಟಿದ್ದ. ಬೋಗುಣಿಯಲ್ಲಿ ಕಂದು ಬಣ್ಣದ ಕಷಾಯ. ಪಕ್ಕದಲ್ಲಿ ವೈನಿ ನೆಲದ ಮೇಲೆ ಕೂತು ಅದೇ ಕಷಾಯದಲ್ಲಿ ಬಟ್ಟೆ ಅದ್ದಿ ಹಿಂಡುತ್ತಿದ್ದರು. ನನ್ನನ್ನು ನೋಡಿ ಇಬ್ಬರೂ ಬೀಡಿ ಸೇದುತ್ತ ಸಿಕ್ಕಿಬಿದ್ದ ಹುಡುಗರ ಹಾಗೆ ಆದರು.

"ಏನಿದು?" ಎಂದೆ.

"ಅಣಬಿ" ಎಂದ ಅಣ್ಣ. "ಹುಡುಗಿಗೆ ಹೇಳಬ್ಯಾಡ. ಕೋಲ್ಡ್‌ನ್ಯಾಗಿಂದ ಒಂದೀಟ ತಗೊಂಡೇವಿ. ಆಕಿ ಹೆಂಗ ಕುದಸ್ತಾಳ, ಹಂಗ ಕುದಿಸೇವಿ. ಎಲ್ಲಾ ಕೇಳಿ ಇಟ್ಟಕೊಂಡಿದ್ದೆ."

ಅವನು ಕೇಳಿ ಇಟ್ಟುಕೊಂಡದ್ದು ಅರ್ಧ. ಸೋಸುವುದು, ಬತ್ತಿಸುವುದು, ಸೂಕ್ಷ್ಮಾಣು ತೆಗೆಯುವುದು ಎಲ್ಲ ಬಿಟ್ಟು, ಕುದಿಸುವುದೊಂದನ್ನು ಉಳಿಸಿಕೊಂಡಿದ್ದ. ನನಗೆ ಸಿಟ್ಟು ಬಂತು. ಬೋಗುಣಿಯಲ್ಲಿ ಕೈ ಅದ್ದಿ ಅವನ ಕಾಲನ್ನು ಮೇಲೆತ್ತಿದೆ. ಗಾಯ ಹೆಬ್ಬೆರಳು ದಾಟಿ ಪಾದದ ಮೇಲೆ ಬಂದಿತ್ತು. ಸರಿಯಾಗಿ ಕಾಣಲಿಲ್ಲವೆಂದು ಕನ್ನಡಕ ತೆಗೆದು, ಒದ್ದೆ ಕೈಯಿಂದಲೇ ಕಣ್ಣು ಒರೆಸಿಕೊಂಡೆ.

ಆಮೇಲೆ ಸ್ವಲ್ಪ ಹೊತ್ತು ನಾನು ಏನೂ ನೋಡಲಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದ ಯಾವ ಮ್ಯಾನರ್ಸೂ ನೆನಪಿಗೆ ಬರಲಿಲ್ಲ. ಅಪ್ಪಾ ಅವ್ವಾ ಎಂದು ಕೂಗುತ್ತ ಬಚ್ಚಲಿಗೆ ಓಡಿದೆ. ವೈನಿ ತಂಬಿಗೆಯಿಂದ ಕಣ್ಣಿಗೆ ನೀರು ಸುರಿದರು.

"ಖಾರ!" ಎಂದೆ. "ಇದರಾಗ ಖಾರ ಐತಿ!"

"ಖಾರ ಎಲ್ಲಿಂದ ಬರ್ತೈತ್ರಿ? ಅಣಬಿ ಅಷ್ಟ ಐತಿ" ಎಂದರು ವೈನಿ.

"ನಿಮ್ಮ ಕೈ ಉರ್ಯಾಕತ್ತಿಲ್ಲೇನು?"

ವೈನಿ ತಮ್ಮ ಕೈ ತಿರುಗಿಸಿ ನೋಡಿಕೊಂಡರು. ಅಂಗೈ ಕೆಂಪಗೆ ಬೆಂದಂತಿತ್ತು. "ಉರೀತಾವು. ಸೀಜನ್‌ನ್ಯಾಗ ಯಾವಾಗ ಉರಿಯೂದಿಲ್ಲ ಹೇಳ್ರಿ" ಎಂದರು.

ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಅಷ್ಟಿಲ್ಲ. ಆದರೆ ಈಗ ಯಾರ್ಡಿಗೆ ಆಂಧ್ರದ ಕಡೆಯ ಖಾರದ ಕಾಯಿಯೂ ಬರುತ್ತದೆ. ಅದು ಬರುವ ಚೀಲ ಗಟ್ಟಿ. ಅಣ್ಣ ಮೊಮ್ಮಗಳ ಅಣಬೆಗೆ ಆರಿಸಿದ ಚೀಲ ಅದೇ. ಎಷ್ಟೋ ಸಲ ಕಾಯಿ ಹೊತ್ತು, ನೂಲಿನ ಸಂದಿಗಳಲ್ಲೆಲ್ಲ ಖಾರದ ಧೂಳು ತುಂಬಿಕೊಂಡ ಚೀಲ. ನಾನು ಒಂದು ಕಣ್ಣು ಮುಚ್ಚಿಕೊಂಡೇ ವಿಚಾರಣೆ ಮಾಡಿದಾಗ ಇದೆಲ್ಲ ಹೊರಬಿತ್ತು.

"ಖಾಲಿ ಚೀಲ ಅಕ್ಕೋರ. ಕೊಡವಿ ಹಾಕೇನಿ" ಎಂದ ಅಣ್ಣ. ಅವನ ದನಿಯಲ್ಲಿ ನೋವಿತ್ತು. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಖಾಲಿ ಚೀಲ ಅಂದರೆ ಏನೂ ಇಲ್ಲದ ಚೀಲ. ಅದರಲ್ಲಿ ಇರುವುದು ಗಾಳಿ, ಮತ್ತು ಆ ಊರಿನಲ್ಲಿ ಗಾಳಿ ಹಾಗೇ ಇರುತ್ತದೆ.

ಧಾರವಾಡದ ತಟ್ಟೆಯಲ್ಲಿ ಜೀವಕೋಶಗಳು ಯಾಕೆ ಸತ್ತವು ಎನ್ನುವುದು ನನಗೆ ಬಚ್ಚಲಲ್ಲೇ ಹೊಳೆಯಿತು. ಹುಡುಗಿಗೆ ಫೋನ್ ಮಾಡಬೇಕು ಎಂದುಕೊಂಡು ಪಡಸಾಲೆಗೆ ಬಂದೆ. ಆಗ ಕಂಡದ್ದು ಇನ್ನೊಂದು. ಇಷ್ಟೆಲ್ಲ ಗದ್ದಲದಲ್ಲಿ ಅಣ್ಣ ಕಾಲನ್ನು ಮತ್ತೆ ಬೋಗುಣಿಯಲ್ಲಿ ಇಟ್ಟುಕೊಂಡು ಆರಾಮಾಗಿ ಕೂತಿದ್ದ. ಒಡೆದ ಗಾಯ, ಖಾರದ ನೀರು.

"ಅಣ್ಣಾ, ಉರ್ಯಾಕತ್ತಿಲ್ಲೇನು?"

"ಇಲ್ಲವಾ. ತಣ್ಣಗ ಐತಿ."

ವೈನಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟರು. ಅಣ್ಣ ನಮ್ಮಿಬ್ಬರ ಮುಖ ನೋಡಿದ, ಬೋಗುಣಿ ನೋಡಿದ, ನನ್ನ ಕೆಂಪಾದ ಕಣ್ಣು ನೋಡಿದ. ಬಗ್ಗಿ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ. ಚಪ್ಪರಿಸಿದ. ಎಷ್ಟೋ ವರ್ಷ ಮೆಣಸಿನಕಾಯಿ ಮಾರಿದ ಮನುಷ್ಯ.

"ಆಂಧ್ರದ್ದ" ಎಂದ. ಆಮೇಲೆ, "ಲಗೂ ಗಾಡಿ ಕರೀರಿ" ಎಂದ.

ಹಾವೇರಿಯ ಆಸ್ಪತ್ರೆಗೆ ಹುಡುಗಿ ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರ್ ಒಂದು ನೈಲಾನ್ ಎಳೆಯಿಂದ ಅಣ್ಣನ ಪಾದವನ್ನು ಅಲ್ಲಲ್ಲಿ ಮುಟ್ಟುತ್ತ, ಮುಟ್ಟಿದ್ದು ಗೊತ್ತಾದಾಗ ಹೇಳಿ ಎಂದರು. ಅಣ್ಣ ಕಣ್ಣು ಮುಚ್ಚಿಕೊಂಡು ಆಗಾಗ "ಹೂಂ" ಎನ್ನುತ್ತಿದ್ದ. ಅವನು ಹೂಂ ಎಂದಾಗ ಡಾಕ್ಟರ್ ಮುಟ್ಟಿರುತ್ತಿರಲಿಲ್ಲ. ಎರಡೂ ಪಾದ ಮುಗಿಸಿ ಅವರು ಕೈಬೆರಳಿಗೆ ಬಂದರು. ಅಲ್ಲಿಯೂ ಹಾಗೇ ಆಯಿತು.

"ಕೈದು ಎಷ್ಟು ದಿನದಿಂದ ಹೀಗೆ?" ಎಂದರು ಡಾಕ್ಟರ್.

ಅಣ್ಣ ಕಣ್ಣು ತೆರೆಯದೆಯೇ ಹೇಳಿದ. "ಭಾಳ ದಿನ ಆತ್ರಿ. ಕಾಯಿ ಕೈಯಾಗ ಹಿಡದ್ರ ಹಸೀದೋ ಒಣಗಿದ್ದೋ ತಿಳಿಯೂದಿಲ್ಲ. ಅದಕ್ಕ ಕಿವೀಗೆ ಹಿಡೀತೇನಿ."

ನಾವು ಸ್ಟೈಲ್ ಎಂದುಕೊಂಡದ್ದು ಅದು.

ಬೆರಳಿಗೆ ಮುಗಿಯಬೇಕಿದ್ದುದು ಪಾದದ ಮುಂದಿನ ಅರ್ಧಕ್ಕೆ ಹೋಯಿತು. ಡಾಕ್ಟರ್ ಅಣಬೆಯನ್ನೂ ಬೈಯಲಿಲ್ಲ, ಖಾರವನ್ನೂ ಬೈಯಲಿಲ್ಲ. "ಇದು ತಡ ಮಾಡಿದ್ದಕ್ಕೆ" ಎಂದರು, ಅಷ್ಟೇ. ಆಪರೇಷನ್ನಿನ ಮೊದಲು ಹುಡುಗಿ ಮಂಚದ ಪಕ್ಕದಲ್ಲಿ ಕೂತು, ತಾನು ಆ ಫೋಟೋ ತೋರಿಸಬಾರದಿತ್ತು ಎಂದು ಅಳುತ್ತಿದ್ದಳು.

"ಅಳಬ್ಯಾಡ" ಎಂದ ಅಣ್ಣ. "ನಿನ್ನ ಮಾಲು ಛಲೋ ಐತಿ. ನನ್ನ ಚೀಲ ಖರಾಬ್ ಇತ್ತು." ಸ್ವಲ್ಪ ಯೋಚಿಸಿದ. "ಹೆಂಗಿದ್ರೂ ಇವರು ತಗದು ಒಗೀತಾರ. ಅದರಾಗಿನ ಛಲೋ ಚರ್ಮ ಒಂದೀಟ ಒಯ್ಯಿ. ಆ ಪರದೇಶದಾಂವನ ಬಾಜೂಕ ನಂದೂ ಒಂದು ತಟ್ಟಿ ಇಡು."

"ಹಂಗ ಬರೂದಿಲ್ಲ ಅಜ್ಜಾ. ಎಥಿಕ್ಸ್ ಕಮಿಟಿ ಪರ್ಮಿಶನ್ ಬೇಕು."

"ಕಾಲು ನಂದು. ಕಮಿಟಿ ಯಾರ್ದು?"

"ಕಾಲೇಜಿಂದು."

"ಅವರ್ಯಾರಾರ ನನ್ನ ಕಾಲು ಒತ್ತ್ಯಾರೇನು?"

ಹುಡುಗಿ ಅಳುತ್ತಲೇ ನಕ್ಕಳು. ವೈನಿ ಮಾತ್ರ ಗಂಭೀರವಾಗಿ, "ಅಷ್ಟು ದೂರ ಒಯ್ಯೂದ ಬ್ಯಾಡ ಬಿಡ್ರಿ, ಅದಕ್ಕಲ್ಲಿ ಯಾರ ಗುರ್ತು ಐತಿ" ಎಂದರು. ಆಗದು ಎಂದು ಖಾತ್ರಿಯಾದ ಮೇಲೆ ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. ಅಂಗಡಿ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯ. ತನ್ನದೊಂದು ಚೂರು ಧಾರವಾಡದಲ್ಲಿ ಗುಲಾಬಿ ನೀರಿನಲ್ಲಿ ಸಕ್ಕರೆ ತಿನ್ನುತ್ತ ವರ್ಷಗಟ್ಟಲೆ ಇರುವುದನ್ನು ಅವನು ಮನಸ್ಸಿನಲ್ಲಿ ಒಂದು ಸಲ ನೋಡಿಬಿಟ್ಟಿದ್ದ ಎಂದು ಕಾಣುತ್ತದೆ.

ಮುಂದಿನ ಮಳೆಗೆ ಹುಡುಗಿ ಹೊಸ ಅಣಬೆ ತಂದಳು. ಈ ಸಲ ಅವು ನನ್ನ ಫ್ರಿಜ್ಜಿನಲ್ಲಿ ಗಾಜಿನ ಡಬ್ಬಿಗಳಲ್ಲಿ ಕೂತವು. ಹಾಲು ಮೊಸರಿಗೆ ಜಾಗ ಇರಲಿಲ್ಲ, ನಾನು ಬ್ಲ್ಯಾಕ್ ಟೀ ಕುಡಿದೆ. ಗೀರು ಮತ್ತೆ ಮುಚ್ಚಿತು. ಮೊದಲಿನಷ್ಟು ಬೇಗ ಅಲ್ಲ, ಆದರೆ ಬರೀ ನೀರಿಗಿಂತ ಬೇಗ. ಇದನ್ನು ಬರೆಯುವಾಗ ಅವಳು "ಸ್ವಲ್ಪ ಮಟ್ಟಿಗೆ" ಎಂಬ ಮಾತನ್ನು ಎಲ್ಲ ಕಡೆ ಸೇರಿಸಿದಳು. ತಿದ್ದಲು ನನಗೆ ಕೊಟ್ಟಿದ್ದಳು. ನಾನು ಒಂದನ್ನೂ ತೆಗೆಯಲಿಲ್ಲ.

ದೀಪಾವಳಿ ಮುಗಿಸಿಕೊಂಡು ನಾನು ರಾಣೇಬೆನ್ನೂರಿಗೆ ವಾಪಸು ಹೊರಟಾಗ, ಬೇಡವೆಂದರೂ ಕೇಳದೆ ಅಣ್ಣ ಸ್ಟೇಷನ್ನಿಗೆ ಬಂದ. ಮುಂದೆ ಹತ್ತಿ ತುಂಬಿದ ಬೂಟು, ಕೈಯಲ್ಲಿ ಕೋಲು. ಬೆಂಚಿನ ಮೇಲೆ ಕೂತೆವು. ಸಕ್ಕರೆ ಇಲ್ಲದ ಚಹಾ ಕುಡಿದು ಅದರ ರುಚಿಯ ಬಗ್ಗೆ ಒಂದು ಮಾತು ಹೇಳಿದ, ಅದನ್ನು ಇಲ್ಲಿ ಬರೆಯುವುದಿಲ್ಲ.

"ಮುಚ್ಚಿತಂತ?" ಎಂದ. ಗೀರಿನ ಬಗ್ಗೆ.

"ಮುಚ್ಚಿತು. ಸ್ವಲ್ಪ ಮಟ್ಟಿಗೆ."

"ಮುಚ್ಚಿದ್ರ ಆತು."

ಗಾಡಿ ಬರುವ ಗದ್ದಲ ತಡೆಯದೆ ನಾನು ಕಿವಿಯ ಮಷಿನ್ ತೆಗೆದು ಪರ್ಸಿಗೆ ಹಾಕಿದ್ದೆ. ಬೋಗಿ ಹತ್ತಿ ಕಿಟಕಿಯ ಹತ್ತಿರ ಕೂತೆ. ಅಣ್ಣ ಕೋಲೂರಿ ಎದ್ದು ಬಂದು, ಅಂಗಿಯ ಜೇಬಿನಿಂದ ಒಂದು ಮೆಣಸಿನಕಾಯಿ ತೆಗೆದು, ಕಿಟಕಿಯ ಸರಳಿನ ಸಂದಿಯಿಂದ ಕೈ ತೂರಿಸಿ ನನ್ನ ಕಿವಿಯ ಹತ್ತಿರ ಅಲುಗಿಸಿದ. ಸೀಜನ್‌ಗೆ ಮುಂಚೆಯೇ ಯಾರೋ ತಂದುಕೊಟ್ಟ ಹೊಸ ಕಾಯಿ ಇರಬೇಕು. ನನಗೆ ಸದ್ದು ಕೇಳಿಸಲಿಲ್ಲ, ಅವನ ತುಟಿ ನೋಡಿ ಮಾತು ತಿಳಿಯಿತು: "ಕೇಳಸ್ತೈತೇನ ಅಕ್ಕೋರ?"

"ಕೇಳಸ್ತೈತಿ" ಎಂದೆ. "ಖರೇ ಒಣಗೇತಿ."

ಅವನು ತಲೆಯಾಡಿಸಿದ. ಗಾಡಿ ಬಿಟ್ಟಿತು. ನಾನು ಅವನನ್ನು ನೋಡಿದ್ದು ಅದೇ ಕೊನೆ. ತಿರುಗಿ ನೋಡಿದಾಗ ಬೆಂಚಿಗೆ ಮರಳಿ ಕೂತಿದ್ದ, ಕಾಯಿಯನ್ನು ತನ್ನ ಒಂದು ಕಿವಿಗೆ ಹಿಡಿದು ಅಲುಗಿಸಿ, ಆಮೇಲೆ ಇನ್ನೊಂದು ಕಿವಿಗೆ ಹಿಡಿದು ನೋಡುತ್ತಿದ್ದ.